ಗಾಳಿಯ ಲೆಕ್ಕ ಗೋಡೆಯ ಮೇಲಿರಲಿ

ಕ್ಷಯ, ದಡಾರ, ಫ್ಲೂ, ಕೋವಿಡ್. ಈ ನಾಲ್ಕೂ ಉಸಿರಿನಿಂದ ಉಸಿರಿಗೆ ದಾಟುವ ಕಾಯಿಲೆಗಳು. ಸೋಂಕಿದ್ದವರು ಕೆಮ್ಮಿದಾಗ ಮಾತ್ರವಲ್ಲ, ಮಾತಾಡಿದಾಗ, ಹಾಡಿದಾಗ, ಸುಮ್ನೆ ಉಸಿರು ಬಿಟ್ಟಾಗಲೂ ಕಣ್ಣಿಗೆ ಕಾಣದ ಕಣಗಳು ಹೊರಬರುತ್ತವೆ. ದೊಡ್ಡ ಹನಿಗಳು ಬೇಗ ನೆಲಕ್ಕೆ ಬೀಳುತ್ತವೆ. ಸಣ್ಣವು ಬೀಡಿ ಹೊಗೆಯ ಹಾಗೆ ತೇಲುತ್ತಲೇ ಇರುತ್ತವೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಬ್ಬರು ಬೀಡಿ ಸೇದಿದರೆ ಆ ಮೂಲೆಯಲ್ಲಿ ಕೂತವರ ಮೂಗಿಗೂ ಬಡಿಯುತ್ತದೆ ಅಲ್ವಾ? ದಡಾರದ ವೈರಸ್ ಅಂತೂ ರೋಗಿ ಕೋಣೆಯಿಂದ ಹೋದ ಮೇಲೂ 2 ಗಂಟೆವರೆಗೆ ಗಾಳಿಯಲ್ಲಿ ಉಳಿಯಬಲ್ಲದು.

2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕೌಂಟಿಯಲ್ಲಿ 61 ಜನ ಸೇರಿ ಎರಡೂವರೆ ಗಂಟೆ ಕಾಲ ಹಾಡಿನ ಅಭ್ಯಾಸ ಮಾಡಿದರು. ಅವರಲ್ಲಿ ಒಬ್ಬರಿಗೆ ಮೊದಲೇ ಶೀತದ ಲಕ್ಷಣ ಇತ್ತು. ಕೊನೆಗೆ 53 ಜನರಿಗೆ ಕೋವಿಡ್ ಬಂದಿದೆ ಅಥವಾ ಬಂದಿರಬಹುದು ಅಂತ ಲೆಕ್ಕವಾಯಿತು. ಇಬ್ಬರು ತೀರಿಕೊಂಡರು. ಅದೇ ತಿಂಗಳ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಕೋವಿಡ್ ಗಾಳಿಯಿಂದ ಹರಡುವುದಿಲ್ಲ ಅಂತ ಟ್ವೀಟ್ ಮಾಡಿತ್ತು. ಹರಡುತ್ತದೆ ಅಂತ ಸ್ಪಷ್ಟವಾಗಿ ಬರೆಯಲು 2021 ಬರಬೇಕಾಯಿತು. ನಮ್ಮಲ್ಲೂ 2021ರ ಮೇನಲ್ಲಿ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ, ಸಣ್ಣ ಕಣಗಳು 10 ಮೀಟರ್‌ವರೆಗೂ ಹೋಗಬಹುದು, ಕಿಟಕಿ ತೆರೆಯಿರಿ ಎಂದು ಹೇಳಿತು. ಅಷ್ಟರಲ್ಲಿ ನಾವು ತರಕಾರಿಗೆ ಸೋಪು ಹಚ್ಚಿ ತೊಳೆದೂ ಆಗಿತ್ತು.

ಗಾಳಿ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ "ನಮ್ಮಲ್ಲಿ ಗಾಳಿ ಚೆನ್ನಾಗಿದೆ" ಅಂತ ಯಾರು ಬೇಕಾದರೂ ಹೇಳಬಹುದು. ಅಳೆದು, ಅಂಕಿ ಎಲ್ಲರಿಗೂ ಕಾಣುವ ಹಾಗೆ ಹಾಕಿದರೆ ಮಾತ್ರ ನಂಬಬಹುದು. ಟ್ಯೂಷನ್ ಸೆಂಟರ್, ಕ್ಲಿನಿಕ್, ಸಣ್ಣ ಆಫೀಸು ನಡೆಸುವವರು ಇದನ್ನು ಮಾಡುವ ಬಗೆ ಇಲ್ಲಿದೆ.

ಮೊದಲು ಕೋಣೆ ನೋಡಿ

ಸ್ಪ್ಲಿಟ್ ಏಸಿ ಹೊರಗಿನ ಗಾಳಿ ತರುವುದಿಲ್ಲ. ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ಮತ್ತೆ ಬಿಡುತ್ತದೆ. ತುಂಬಾ ಜನರಿಗೆ ಇದು ಗೊತ್ತೇ ಇಲ್ಲ. ಸೀಲಿಂಗ್ ಫ್ಯಾನ್ ಕೂಡ ಇದ್ದ ಗಾಳಿಯನ್ನು ಕಲಕುತ್ತದೆ ಅಷ್ಟೆ. ಫ್ಯಾನ್ ಆರಿಸಿ, ಒಂದು ಅಗರಬತ್ತಿ ಹಚ್ಚಿ ಕಿಟಕಿ, ಬಾಗಿಲುಗಳ ಹತ್ತಿರ ಹಿಡಿಯಿರಿ. ಹೊಗೆ ಒಳಗೆ ಬರುತ್ತಾ, ಹೊರಗೆ ಹೋಗುತ್ತಾ, ಅಲ್ಲೇ ನಿಂತಿದೆಯಾ? ಒಂದು ಕಡೆ ಒಳಗೆ, ಇನ್ನೊಂದು ಕಡೆ ಹೊರಗೆ ಅಂತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಮೀಟರ್ ಕೊಳ್ಳಿ, ಆದರೆ ನೋಡಿ ಕೊಳ್ಳಿ

ವೈರಸ್ ಅಳೆಯುವ ಮೀಟರ್ ಅಂಗಡಿಯಲ್ಲಿ ಸಿಗುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಅಳೆಯುವುದು ಸಿಗುತ್ತದೆ. ನಾವು ಬಿಡುವ ಉಸಿರಿನಲ್ಲಿ ಅದು ಸುಮಾರು 40,000 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ಎಷ್ಟು ಭಾಗ ಅನ್ನುವ ಅಳತೆ) ಇರುತ್ತದೆ. ಹೊರಗಿನ ಗಾಳಿಯಲ್ಲಿ 420ರ ಆಸುಪಾಸು. ಹಾಗಾಗಿ ಕೋಣೆಯೊಳಗೆ ಅಂಕಿ ಏರಿದಷ್ಟೂ ನೀವು ಬೇರೆಯವರು ಬಿಟ್ಟ ಉಸಿರನ್ನು ಎಳೆದುಕೊಳ್ಳುತ್ತಿದ್ದೀರಿ ಅಂತ ಅರ್ಥ. 800 ಬಂದರೆ ಒಳಗೆಳೆಯುವ ಗಾಳಿಯಲ್ಲಿ ಸುಮಾರು 1% ಇನ್ನೊಬ್ಬರದ್ದು. 1,200ಕ್ಕೆ 2%. 2,000 ಆದರೆ 4%, ಅಂದರೆ ಪ್ರತಿ 25 ಉಸಿರಿಗೆ ಒಂದು ಎಂಜಲು ಉಸಿರು.

ಮೀಟರಿನ ವಿವರದಲ್ಲಿ 'ಎನ್‌ಡಿಐಆರ್' (NDIR) ಸೆನ್ಸರ್ ಅಂತ ಬರೆದಿರಬೇಕು. ಅದು ಅತಿಗೆಂಪು ಬೆಳಕಿನಿಂದ ಕಾರ್ಬನ್ ಡೈಆಕ್ಸೈಡನ್ನೇ ಅಳೆಯುತ್ತದೆ. ತೀರಾ ಅಗ್ಗದ ಕೆಲವು ಮೀಟರ್‌ಗಳು ಕಾರ್ಬನ್ ಡೈಆಕ್ಸೈಡನ್ನು ಅಳೆಯುವುದೇ ಇಲ್ಲ. ಬೇರೆ ವಾಸನೆಗಳನ್ನು ಹಿಡಿದು ಅಂದಾಜು ಅಂಕಿ ತೋರಿಸುತ್ತವೆ. ಪರೀಕ್ಷೆ ಸುಲಭ. ಹತ್ತಿಗೆ ಸ್ಯಾನಿಟೈಸರ್ ಹಚ್ಚಿ ಮೀಟರ್ ಹತ್ತಿರ ಇಡಿ, ನೀವು ದೂರ ನಿಲ್ಲಿ. ಅಂಕಿ ಹಾರಿದರೆ ವಾಪಸ್ ಕಳಿಸಿ. ಸರಿಯಾದ ಮೀಟರ್‌ಗೆ ಕೆಲವು ಸಾವಿರ ರೂಪಾಯಿ ಬೀಳುತ್ತದೆ. ನಾಲ್ಕಾರು ಸಂಸ್ಥೆಯವರು ಸೇರಿ ಒಂದು ಕೊಂಡು ಹಂಚಿಕೊಂಡರೂ ಆದೀತು.

ಕೂತವರ ಮೂಗಿನ ಎತ್ತರಕ್ಕೆ, ಕಿಟಕಿಯಿಂದಲೂ ಜನರ ಬಾಯಿಂದಲೂ ಒಂದು ಮೀಟರ್‌ನಾದರೂ ದೂರ ಇಡಿ. ತರಗತಿ ಶುರುವಾದಾಗಿನ ಅಂಕಿ ಬೇಡ. ಕೋಣೆ ತುಂಬಿ ಮುಕ್ಕಾಲು ಗಂಟೆ ಆದಮೇಲಿನದು ಬರೆದುಕೊಳ್ಳಿ. 800ರ ಒಳಗಿದ್ದರೆ ಒಳ್ಳೆಯದು. 1,000 ದಾಟಿದರೆ ಏನಾದರೂ ಮಾಡಲೇಬೇಕು.

ಗಾಳಿ ಎಷ್ಟು ಬೇಗ ಬದಲಾಗುತ್ತದೆ?

ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಉಪಯೋಗದ ಪರೀಕ್ಷೆ. ಖರ್ಚೂ ಇಲ್ಲ. ತರಗತಿ ಬಿಟ್ಟ ಕೂಡಲೇ ಎಲ್ಲರೂ ಹೊರಗೆ ಹೋಗಲಿ, ಮೀಟರ್ ಒಳಗಿರಲಿ. ಕಿಟಕಿ, ಫ್ಯಾನ್ ತರಗತಿಯಲ್ಲಿ ಇದ್ದ ಹಾಗೇ ಇರಲಿ. ಆಗ ಅಂಕಿ 1,620 ಇತ್ತು ಅಂದುಕೊಳ್ಳಿ. ಹೊರಗಿನದು 420. ಹೆಚ್ಚಿಗೆ ಇರುವುದು 1,200. ಈ ಹೆಚ್ಚಿಗೆಯಲ್ಲಿ 37% ಮಾತ್ರ ಉಳಿಯಲು ಎಷ್ಟು ನಿಮಿಷ ಬೇಕು ನೋಡಿ. 1,200ರಲ್ಲಿ 37% ಅಂದರೆ 444. ಅದಕ್ಕೆ 420 ಸೇರಿಸಿದರೆ 864. ಅಂದರೆ 1,620ರಿಂದ 864ಕ್ಕೆ ಇಳಿಯಲು ಹಿಡಿದ ಸಮಯ.

60ನ್ನು ಆ ನಿಮಿಷಗಳಿಂದ ಭಾಗಿಸಿ. 12 ನಿಮಿಷ ಹಿಡಿದರೆ 5. ಗಂಟೆಗೆ 5 ಸಲ ಕೋಣೆಯ ಗಾಳಿ ಬದಲಾಗುತ್ತಿದೆ ಅಂತ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2023ರಲ್ಲಿ ಹೇಳಿದ ಗುರಿಯೂ 5 ಅಥವಾ ಹೆಚ್ಚು. 40 ನಿಮಿಷ ಹಿಡಿದರೆ ಒಂದೂವರೆ ಸಲ ಅಷ್ಟೆ. ಕಿಟಕಿ ತೆರೆದು ಒಂದು ಸಲ, ಮುಚ್ಚಿ ಒಂದು ಸಲ ಮಾಡಿ ನೋಡಿ. ಮಕ್ಕಳ ಕೈಲೇ ಮಾಡಿಸಿದರೆ ಒಳ್ಳೆ ಗಣಿತದ ಪಾಠವೂ ಹೌದು.

ಕಿಟಕಿಯಿಂದ ಶುರು ಮಾಡಿ

ಎದುರುಬದುರು ಎರಡು ಕಡೆ ತೆರೆಯಿರಿ. ಒಂದೇ ಕಡೆ ಕಿಟಕಿ ಇದ್ದರೆ ಟೇಬಲ್ ಫ್ಯಾನನ್ನು ಕಿಟಕಿಯಲ್ಲಿ ಹೊರಗೆ ಮುಖ ಮಾಡಿ ಇಡಿ, ಬಾಗಿಲು ತೆರೆದಿರಲಿ. ಎಕ್ಸಾಸ್ಟ್ ಫ್ಯಾನ್ ಇದ್ದರೆ ಇನ್ನೂ ಒಳ್ಳೆಯದು. ಸೊಳ್ಳೆ ಪರದೆಯ ಜಾಲರಿಯಲ್ಲಿ ಧೂಳು ಕಟ್ಟಿದ್ದರೆ ಗಾಳಿ ಬರುವುದಿಲ್ಲ, ತೊಳೆಯಿರಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಪೂರ್ತಿ ತೆರೆಯಲು ಆಗುವುದಿಲ್ಲ, ಗೇಣು ಅಗಲ ತೆರೆದರೂ ಮೀಟರಿನಲ್ಲಿ ವ್ಯತ್ಯಾಸ ಕಾಣುತ್ತದೆ.

ಪೆರು ದೇಶದ ಲಿಮಾದ ಆಸ್ಪತ್ರೆಗಳಲ್ಲಿ ಅಳೆದು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕಿಟಕಿ, ಬಾಗಿಲು ತೆರೆದಾಗ ಗಂಟೆಗೆ ಸುಮಾರು 28 ಸಲ ಗಾಳಿ ಬದಲಾಗುತ್ತಿತ್ತು. ಯಂತ್ರದಿಂದ ಗಾಳಿ ಬದಲಿಸುವ ಕ್ಷಯದ ಕೋಣೆಗಳಿಗೆ ಹೇಳಿರುವುದು 12. ಎತ್ತರದ ಚಾವಣಿ, ದೊಡ್ಡ ಕಿಟಕಿಗಳ ಹಳೇ ಕಟ್ಟಡಗಳು ಹೊಸವಕ್ಕಿಂತ ಮುಂದಿದ್ದವು. ಕ್ಷಯಕ್ಕೆ ಔಷಧಿ ಇಲ್ಲದ ಕಾಲದಲ್ಲಿ ಸ್ಯಾನಟೋರಿಯಂ (ಕ್ಷಯ ರೋಗಿಗಳ ಆಸ್ಪತ್ರೆ) ಕಟ್ಟಿದವರೂ ಗಾಳಿ, ಬೆಳಕನ್ನೇ ನೆಚ್ಚಿದ್ದರು. ಮೈಸೂರಿನ ಪಿಕೆಟಿಬಿ ಸ್ಯಾನಟೋರಿಯಂ ಆ ಕಾಲದ್ದೇ. ಈಗ ನಾವು ಗಾಜಿನ ಗೋಡೆ ಕಟ್ಟಿ, ತೆರೆಯಲಾಗದ ಕಿಟಕಿ ಇಟ್ಟು, ಅದನ್ನೇ ಮಾಡರ್ನ್ ಅನ್ನುತ್ತೇವೆ.

ಆಗದ ಕಡೆ ಫಿಲ್ಟರ್

ಮುಂದೆಯೇ ಗಿಜಿಗುಡುವ ರಸ್ತೆ ಇದ್ದರೆ, ಕಿಟಕಿಯೇ ಇಲ್ಲದಿದ್ದರೆ ಹೆಪಾ (ತೀರಾ ಸಣ್ಣ ಕಣಗಳನ್ನೂ ಹಿಡಿಯುವ) ಫಿಲ್ಟರಿನ ಏರ್ ಪ್ಯೂರಿಫೈಯರ್ ಇಡಿ. ಡಬ್ಬದ ಮೇಲೆ 'ಸಿಎಡಿಆರ್' ಅಂತ ಒಂದು ಅಂಕಿ ಇರುತ್ತದೆ. ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಅನ್ನುವ ಲೆಕ್ಕ ಅದು. 20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರದ ಕೋಣೆ ಅಂದರೆ ಸುಮಾರು 113 ಘನ ಮೀಟರ್. ಗಂಟೆಗೆ 5 ಸಲ ಬೇಕಾದರೆ 565. ಆ ಅಂಕಿ ಫುಲ್ ಸ್ಪೀಡಿನದು. ಪಾಠದ ಹೊತ್ತಿನಲ್ಲಿ ಸದ್ದಿಗೆ ಬೇಸತ್ತು ಎಲ್ಲರೂ ಸ್ಪೀಡ್ ಇಳಿಸುತ್ತಾರೆ. ಹಾಗಾಗಿ ಒಂದು ದೊಡ್ಡದರ ಬದಲು ಎರಡು ಇಟ್ಟು ಕಡಿಮೆ ಸ್ಪೀಡಿನಲ್ಲಿ ಓಡಿಸುವುದು ವಾಸಿ. ಅಯಾನು, ಓಜೋನ್ ಬಿಡುತ್ತೇವೆ ಅನ್ನುವ ಯಂತ್ರಗಳು ಬೇಡ. ಓಜೋನ್ ಶ್ವಾಸಕೋಶಕ್ಕೆ ಕೆಟ್ಟದ್ದು.

ಒಂದು ಮಾತು ನೆನಪಿರಲಿ. ಫಿಲ್ಟರ್ ಕಣಗಳನ್ನು ಹಿಡಿಯುತ್ತದೆ, ಕಾರ್ಬನ್ ಡೈಆಕ್ಸೈಡನ್ನು ಹಿಡಿಯುವುದಿಲ್ಲ. ಪ್ಯೂರಿಫೈಯರ್ ಓಡುತ್ತಿದ್ದರೂ ಮೀಟರ್ 1,400 ತೋರಿಸಿದರೆ ಗಾಬರಿ ಬೇಡ. ಆದರೆ ಫಿಲ್ಟರ್ ಇದೆ ಅಂತ ಬೋರ್ಡಿನಲ್ಲಿ ಬರೆಯಿರಿ.

ಬೋರ್ಡಿನಲ್ಲಿ ಏನು ಬರೆಯಬೇಕು?

ಮೀಟರನ್ನು ಮ್ಯಾನೇಜರ್ ಡ್ರಾಯರಿನಲ್ಲಿ ಇಡಬೇಡಿ. ಒಳಗೆ ಬಂದವರಿಗೆ ಕಾಣುವ ಹಾಗೆ ಇಡಿ. ಜಪಾನ್ 1970ರಲ್ಲೇ ದೊಡ್ಡ ಕಟ್ಟಡಗಳಿಗೆ 1,000 ಪಿಪಿಎಂ ಮಿತಿಯನ್ನು ಕಾನೂನಿನಲ್ಲಿ ಹಾಕಿತು. ಬೆಲ್ಜಿಯಂ 2021ರಲ್ಲಿ ರೆಸ್ಟೋರೆಂಟ್, ಜಿಮ್‌ಗಳಲ್ಲಿ ಮೀಟರ್ ಇಡುವುದನ್ನು ಕಡ್ಡಾಯ ಮಾಡಿತು. ನಾವು ಕಾಯಿದೆ ಬರಲಿ ಅಂತ ಕಾಯಬೇಕಿಲ್ಲ.

ಬಾಗಿಲ ಪಕ್ಕ ಒಂದು ಹಾಳೆ ಸಾಕು: ದಿನಾಂಕ, ಯಾವ ಬ್ಯಾಚ್, ಎಷ್ಟು ಜನ, ಅತಿ ಹೆಚ್ಚು ಅಂಕಿ ಎಷ್ಟು, ಗಂಟೆಗೆ ಎಷ್ಟು ಸಲ ಗಾಳಿ ಬದಲಾಗುತ್ತದೆ, ಫಿಲ್ಟರ್ ಬದಲಿಸಿದ್ದು ಯಾವಾಗ. ಕೆಟ್ಟ ಅಂಕಿಯನ್ನೂ ಬರೆಯಿರಿ. ಅದರ ಮುಂದೆ "ಈ ಬ್ಯಾಚನ್ನು ಎರಡು ಮಾಡುತ್ತೇವೆ" ಅಂತಲೋ "ಎಕ್ಸಾಸ್ಟ್ ಹಾಕಿಸುತ್ತಿದ್ದೇವೆ" ಅಂತಲೋ ಇದ್ದರೆ ಪೋಷಕರು ಜಗಳಕ್ಕೆ ಬರುವುದಿಲ್ಲ. ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ಬರುತ್ತಾರೆ.

ಯಾರಿಗಾದರೂ ದಡಾರವೋ ಕ್ಷಯವೋ ಬಂದರೆ ಅದನ್ನೂ ತಿಳಿಸಬೇಕು. ಹೆಸರು ಬೇಡ, ಮನೆ ಗುರುತೂ ಬೇಡ. "ಸೋಮವಾರದ ಸಂಜೆ ಬ್ಯಾಚಿನಲ್ಲಿ ಒಬ್ಬರಿಗೆ ದಡಾರ, ಮಕ್ಕಳ ಲಸಿಕೆ ಕಾರ್ಡ್ ನೋಡಿಕೊಳ್ಳಿ" ಅಂದರೆ ಸಾಕು. ಕ್ಷಯವಾದರೆ, ಎರಡು ವಾರಕ್ಕೂ ಹೆಚ್ಚು ಕೆಮ್ಮು ಇದ್ದವರು ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ, ಅದು ಉಚಿತ ಅಂತ ಸೇರಿಸಿ.

ನೀವು ನಡೆಸುವವರಲ್ಲ, ಮಗುವನ್ನು ಕಳಿಸುವವರು ಅನ್ನಿ. ಫೀಸು ಕಟ್ಟುವ ದಿನ "ಸರ್, ಸಂಜೆ ಬ್ಯಾಚ್ ತುಂಬಿದಾಗ ಮೀಟರಲ್ಲಿ ಎಷ್ಟು ಬರುತ್ತೆ?" ಅಂತ ಕೇಳಿ. ಮೀಟರ್ ಇಲ್ಲ ಅಂದರೆ ನಿಮ್ಮದೋ ಗೆಳೆಯರದೋ ಒಂದನ್ನು ಮಗುವಿನ ಚೀಲದ ಹೊರಜೇಬಿನಲ್ಲಿ ಇಟ್ಟು ಕಳಿಸಿ, ಬಂದ ಅಂಕಿಯನ್ನು ಅವರಿಗೇ ತೋರಿಸಿ. ಸರಿಯಾಗುವವರೆಗೆ ಮಗು ಕಿಟಕಿ ಪಕ್ಕ ಕೂರಲಿ, ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್ ಹಾಕಿಕೊಳ್ಳಲಿ.