ಗುಟ್ಟಿನ ಮಾತು: ಆಮಿಷವನ್ನು ಗುರುತಿಸಲು ಮಕ್ಕಳಿಗೆ ಕಲಿಸಿದ ನನ್ನ ಅನುಭವ

ತಿಪಟೂರು ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಹಲವು ವರ್ಷಗಳಿಂದ ನಲಿ-ಕಲಿ ತರಗತಿಗಳನ್ನು ನಡೆಸುತ್ತಿದ್ದೇನೆ. 2018ರ ಬೇಸಿಗೆಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ಸಂದೇಶಗಳು ಊರೂರು ಸುತ್ತಿದವು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು, ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಇದೇ ಅನುಮಾನದಿಂದ ಜನ ಹೊಡೆದು ಕೊಂದರು. ಬೀದರಿನ ಆ ಗಲಾಟೆಗೆ ಕಾರಣವಾದದ್ದು ಅವರ ಗುಂಪಿನವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು. ಆ ವರ್ಷ ಶಾಲೆ ತೆರೆದಾಗ ನನ್ನ ತರಗತಿಯ ಮಕ್ಕಳಿಗೆ ಮಕ್ಕಳ ಕಳ್ಳನ ಚಿತ್ರ ಬರೆಯಲು ಹೇಳಿದೆ. ಹೆಚ್ಚುಕಡಿಮೆ ಎಲ್ಲರೂ ಹೆಗಲ ಮೇಲೆ ಗೋಣಿಚೀಲ ಹೊತ್ತ, ಕೆದರಿದ ಕೂದಲಿನ, ಕೆಂಗಣ್ಣಿನ ಒಬ್ಬ ಗಂಡಸನ್ನು ಬರೆದರು. ಹಠ ಮಾಡುವ ಮಗುವಿಗೆ ಊಟ ಮಾಡಿಸಲು ನಾವು ತೋರಿಸುವ ಗೊಗ್ಗಯ್ಯ ಅವನೇ.

ಅಲ್ಲಿಯವರೆಗೆ ನಾನೂ "ಅಪರಿಚಿತರ ಜೊತೆ ಮಾತನಾಡಬೇಡಿ, ಅವರು ಕೊಟ್ಟದ್ದನ್ನು ತಿನ್ನಬೇಡಿ" ಎಂದು ಹೇಳಿಕೊಡುತ್ತಿದ್ದೆ. ಮಕ್ಕಳು ಅದನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದರು. ಆ ಪಾಠದಿಂದ ಆದ ಪರಿಣಾಮವೆಂದರೆ, ಪ್ರತಿವರ್ಷ ಊರಿಗೆ ಬರುವ ಕಂಬಳಿ ಮಾರುವವರನ್ನು ಕಂಡು ಮಕ್ಕಳು ಓಡಿಹೋದರು, ದೊಡ್ಡವರು ಅವರನ್ನು ಸುತ್ತುವರಿದು ವಿಚಾರಿಸಿದರು. ಆದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಲ್ಲಿ ಆರೋಪಿಗಳ ಪೈಕಿ ಬಹುಪಾಲು ಜನ ಮಗುವಿಗೆ ಮೊದಲೇ ಗೊತ್ತಿರುವವರು ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿಗಳು ವರ್ಷ ವರ್ಷವೂ ತೋರಿಸುತ್ತಿವೆ. ಆದ್ದರಿಂದ ಮುಖ ನೋಡಿ ಹೆದರುವುದನ್ನು ಬಿಡಿಸಿ, ಆ ವ್ಯಕ್ತಿ ಏನು ಕೇಳುತ್ತಿದ್ದಾನೆ ಎಂಬುದನ್ನು ಗಮನಿಸಲು ಕಲಿಸಬೇಕೆಂದು ನಿರ್ಧರಿಸಿದೆ.

ಮನೆಯವರಿಗೆ ಹೇಳದೆ ಎಲ್ಲಿಗಾದರೂ ಬಾ ಎನ್ನುವುದು, ಯಾರಿಗೂ ಹೇಳಬೇಡ ಎನ್ನುವುದು, ಬೇಗ ಬೇಗ ಎಂದು ಅವಸರಪಡಿಸುವುದು: ಇವುಗಳಲ್ಲಿ ಒಂದು ಕಂಡರೂ ಸಾಕು, ಹೇಳಿದವರು ಮಾವನಾಗಲಿ ಪಕ್ಕದ ಮನೆಯ ಅಕ್ಕನಾಗಲಿ, ಹೋಗಬಾರದು. ಚಾಕೊಲೇಟಿನ ಆಸೆ ತೋರಿಸುವುದನ್ನು ಮಕ್ಕಳು ಬಹಳ ಬೇಗ ಗುರುತಿಸಿದರು. ಕಷ್ಟವಾದದ್ದು ಸಹಾಯ ಕೇಳುವವರ ವಿಷಯದಲ್ಲಿ. ನಾಯಿಮರಿ ಕಳೆದುಹೋಗಿದೆ ಹುಡುಕಿಕೊಡು, ದೇವಸ್ಥಾನದ ದಾರಿ ತೋರಿಸು, ಗಾಡಿ ಹತ್ತು ಎಂದರೆ ಒಳ್ಳೆಯ ಮಗು ಹತ್ತಿಬಿಡುತ್ತದೆ, ಏಕೆಂದರೆ ಪರೋಪಕಾರವನ್ನು ಕಲಿಸಿದವರು ನಾವೇ. "ದೊಡ್ಡವರಿಗೆ ಸಹಾಯ ಬೇಕಾದರೆ ದೊಡ್ಡವರನ್ನೇ ಕೇಳುತ್ತಾರೆ" ಎಂಬ ಒಂದು ವಾಕ್ಯವನ್ನು ನಾನು ಅದೆಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಬಾಯಲ್ಲಿ ಹೇಳುವುದಕ್ಕೂ ಮೈಯಲ್ಲಿ ರೂಢಿಯಾಗುವುದಕ್ಕೂ ಎಷ್ಟು ಅಂತರವಿದೆ ಎಂಬುದು ಒಂದು ಅಭ್ಯಾಸದ ದಿನ ಗೊತ್ತಾಯಿತು. ಪೋಷಕರ ಒಪ್ಪಿಗೆ ಪಡೆದು, ಮುಖ್ಯ ಶಿಕ್ಷಕರಿಗೆ ತಿಳಿಸಿ, ಅಪರಿಚಿತರ ಪಾತ್ರ ಮಾಡಲು ಬೇರೆ ಶಾಲೆಯ ಶಿಕ್ಷಕಿಯೊಬ್ಬರನ್ನು ಕರೆಸಿಕೊಂಡಿದ್ದೆ. ಇದು ಆಟ ಎಂದು ಮಕ್ಕಳಿಗೂ ಮೊದಲೇ ಹೇಳಿದ್ದೆ. ಮಗುವನ್ನು ಹೆದರಿಸಿ ಪರೀಕ್ಷಿಸುವುದು ನನಗೆ ಒಪ್ಪಿಗೆಯಿಲ್ಲ. ಎಲ್ಲರಿಗಿಂತ ಚೆನ್ನಾಗಿ ನಿಯಮಗಳನ್ನು ಒಪ್ಪಿಸುತ್ತಿದ್ದ ಮೂರನೇ ತರಗತಿಯ ಹುಡುಗ ಅವರು ನೀಡಿದ ಬಿಸ್ಕತ್ತನ್ನು ಬೇಡವೆಂದ, ಗಾಡಿಯನ್ನೂ ಬೇಡವೆಂದ. ಆಗ ಅವರು ದನಿ ತಗ್ಗಿಸಿ, "ಪುಟ್ಟಾ, ನಿಮ್ಮಜ್ಜಿ ಬಿದ್ದುಬಿಟ್ಟವ್ರೆ, ಆಸ್ಪತ್ರೆಗೆ ಸೇರಿಸವ್ರೆ, ನಿನ್ನ ಕರ್ಕೊಂಡು ಬಾ ಅಂದ್ರು" ಎಂದರು. ಆಟವೆಂದು ಗೊತ್ತಿದ್ದ ಹುಡುಗ ಮರುಮಾತಾಡದೆ ಬ್ಯಾಗನ್ನು ಹೆಗಲಿಗೇರಿಸಿ ಅವರ ಹಿಂದೆ ಹೊರಟೇಬಿಟ್ಟ. ಗೇಟಿನ ಬಳಿ ನಿಂತ ಅವನ ಕಣ್ಣಲ್ಲಿ ನೀರಿತ್ತು. ನಾನು ಅವನನ್ನು ಹತ್ತಿರ ಕರೆದು, ಅಜ್ಜಿ ಮನೆಯಲ್ಲಿ ಚೆನ್ನಾಗಿದ್ದಾರೆ, ಅಜ್ಜಿಯ ಮೇಲೆ ಪ್ರೀತಿ ಇರುವುದು ತಪ್ಪಲ್ಲ ಎಂದು ಸಮಾಧಾನ ಮಾಡಿದೆ.

ಅಂದಿನಿಂದ ಪ್ರತಿ ಮನೆಯಲ್ಲೂ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಲು ಪೋಷಕರಿಗೆ ಹೇಳಿದೆ. ಅಪ್ಪ ಅಮ್ಮನ ಬದಲು ಯಾರೇ ಕರೆಯಲು ಬಂದರೂ ಮಗು ಆ ಮಾತನ್ನು ಕೇಳಬೇಕು, ತಾನಾಗಿ ಹೇಳಬಾರದು. ಬಂದವರು ಹೇಳದಿದ್ದರೆ ಹೋಗಬಾರದು.

ಕೂಗುವುದನ್ನು ಕಲಿಸಲು ಇನ್ನೂ ಹೆಚ್ಚು ದಿನ ಬೇಕಾಯಿತು. ಇಡೀ ದಿನ "ಗಲಾಟೆ ಮಾಡಬೇಡಿ" ಎಂದು ಕೇಳುವ ಮಕ್ಕಳಿಗೆ, ಬೇಕಾದಾಗ ದನಿಯೇ ಹೊರಡುವುದಿಲ್ಲ. ಬರೀ ಅತ್ತರೆ ದಾರಿಹೋಕರು ಅದನ್ನು ಮನೆಯವರ ಜೊತೆಗಿನ ಹಠ ಎಂದುಕೊಳ್ಳುತ್ತಾರೆ. ಹಾಗಾಗಿ "ಇವ್ರು ನಮ್ಮಪ್ಪ ಅಲ್ಲ, ಕಾಪಾಡಿ" ಎಂದು ಮೈದಾನದ ಈ ತುದಿಯಿಂದ ಆ ತುದಿಗೆ ಕೇಳುವಂತೆ ಕೂಗಿಸಿದೆ. ವಾಹನ ಹಿಂಬಾಲಿಸಿದರೆ ಅದು ಹೋಗುವ ದಿಕ್ಕಿಗೆ ವಿರುದ್ಧವಾಗಿ ಓಡುವುದನ್ನು, ಮಾತನಾಡುವವರಿಂದ ಎರಡು ಮಾರು ದೂರ ನಿಲ್ಲುವುದನ್ನು ಆಡಿಸಿದೆ. ಓಡಿ ಸೇರಬೇಕಾದ ಜಾಗಗಳನ್ನು, ಅಂದರೆ ಹಾಲಿನ ಡೇರಿ, ಅಂಗನವಾಡಿ, ಕಿರಾಣಿ ಅಂಗಡಿಗಳನ್ನು, ಅವರೊಂದಿಗೆ ನಡೆದೇ ತೋರಿಸಿದೆ. ಮಕ್ಕಳ ಸಹಾಯವಾಣಿ 1098 ಮತ್ತು ತುರ್ತು ಸಹಾಯದ 112 ಎಂಬ ಸಂಖ್ಯೆಗಳನ್ನು ಕಪ್ಪುಹಲಗೆಯ ಮೂಲೆಯಲ್ಲಿ ವರ್ಷವಿಡೀ ಅಳಿಸದೆ ಉಳಿಸಿದೆ.

ಎರಡನೇ ತರಗತಿಯ ಒಬ್ಬ ಹುಡುಗಿಯ ತಾಯಿ ಒಂದು ದಿನ ಬೇಸರದಿಂದಲೇ ಬಂದರು. "ಮೇಡಂ, ಸ್ವಂತ ಚಿಕ್ಕಪ್ಪ ಕರ್ಕೊಂಡು ಬರಕ್ಕೆ ಹೋದ್ರೆ ಇವ್ಳು ಅಂಗಡಿ ಒಳಗೆ ನಿಂತ್ಕೊಂಡು ಬರಲ್ಲ ಅಂದ್ಳಂತೆ, ನಾಲ್ಕು ಜನರ ಎದುರಿಗೆ ಅವ್ನ ಮರ್ಯಾದೆ ಹೋಯ್ತು" ಎಂದರು. ಕೊನೆಗೆ ಅಂಗಡಿಯವರ ಫೋನಿನಿಂದ ತಾಯಿಗೆ ಕರೆ ಮಾಡಿ ಗುಟ್ಟಿನ ಮಾತನ್ನು ತಿಳಿದುಕೊಂಡು ಚಿಕ್ಕಪ್ಪ ಗಟ್ಟಿಯಾಗಿ ಹೇಳಿದ ಮೇಲೆಯೇ ಹುಡುಗಿ ಹೊರಗೆ ಬಂದಿದ್ದಳು. ಹಾಗೆ ಮಾಡಬೇಕೆಂದು ನಾನೇ ಹೇಳಿಕೊಟ್ಟಿದ್ದೆ ಎಂದು ತಾಯಿಗೆ ತಿಳಿಸಿ, ಮಗಳನ್ನು ಬೈಯಬಾರದೆಂದು ಕೈಮುಗಿದು ಕೇಳಿಕೊಂಡೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬೈಯುವುದಿಲ್ಲವೆಂದು ಒಪ್ಪಿದರು.

ಮಾರನೆಯ ದಿನ ಪ್ರಾರ್ಥನೆಗೆ ಮೊದಲು ಹುಡುಗಿ ನನ್ನ ಬಳಿ ಬಂದು, "ಮಿಸ್, ಅಂಗಡೀಲಿ ಎಲ್ರಿಗೂ ಕೇಳಿಸಿಬಿಡ್ತಲ್ಲ, ಅದಕ್ಕೆ ಅಮ್ಮ ನಾನು ಬೇರೆ ಮಾತು ಇಟ್ಕೊಂಡಿದೀವಿ" ಎಂದಳು. ಏನೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.