ಸ್ಕೂಬಾ ಡೈವಿಂಗ್‌ಗೆ ಸ್ನಾರ್ಕೆಲ್ ಒಯ್ಯಬೇಕೆ? ಒಯ್ದರೆ ಬಳಸುವುದು ಹೇಗೆ?

ಬೆಂಗಳೂರಿನ ಈಜುಕೊಳದಲ್ಲಿ ಸ್ಕೂಬಾದ ಮೊದಲ ಪಾಠಗಳನ್ನು ಮುಗಿಸಿ, ಮಳೆಗಾಲ ಕಳೆಯುತ್ತಲೇ ರಾತ್ರಿ ಬಸ್ಸಿನಲ್ಲಿ ಮುರುಡೇಶ್ವರ ತಲುಪಿ, ನೇತ್ರಾಣಿ ದ್ವೀಪದ ಸುತ್ತ ನೀರಿಗಿಳಿಯುವವರು ಈಗ ನಮ್ಮ ನಡುವೆ ಸಾಕಷ್ಟು ಮಂದಿ ಇದ್ದಾರೆ. ಅವರಲ್ಲಿ ಅನೇಕರ ಚೀಲದಲ್ಲಿ ಮಾಸ್ಕ್ ಕೊಂಡಾಗ ಜೊತೆಗೇ ಬಂದ ಒಂದು ಸ್ನಾರ್ಕೆಲ್, ಅಂದರೆ ಮುಖ ನೀರಿನಲ್ಲಿದ್ದಾಗ ಮೇಲಿನ ಗಾಳಿಯನ್ನು ಉಸಿರಾಡುವ ಕೊಳವೆ, ಇರುತ್ತದೆ. ಬೆನ್ನ ಮೇಲೆ ಸಿಲಿಂಡರ್ ಇರುವಾಗ ಈ ಕೊಳವೆ ಯಾಕೆ ಎಂದು ಅದನ್ನು ದೋಣಿಯಲ್ಲೇ ಬಿಟ್ಟು ಹೋಗುವವರನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಮಾಸ್ಕಿಗೆ ಸಿಕ್ಕಿಸಿಕೊಂಡು ಹೋದರೂ ಬೇಕಾದ ಗಳಿಗೆಯಲ್ಲಿ ಬಾಯಿಗಿಟ್ಟು, ಉಪ್ಪುನೀರು ಎಳೆದುಕೊಂಡು, ಕೆಮ್ಮುತ್ತಾ ತಲೆ ಎತ್ತುವವರನ್ನು ಅದಕ್ಕಿಂತ ಹೆಚ್ಚು ಕಂಡಿದ್ದೇನೆ. ತರಬೇತಿ ಪಡೆದು ತೆರೆದ ಸಮುದ್ರದಲ್ಲಿ ಡೈವ್ ಮಾಡುವ ಪ್ರತಿಯೊಬ್ಬರೂ ಮಡಚಬಹುದಾದ ಒಂದು ಸ್ನಾರ್ಕೆಲನ್ನು ಜೇಬಿನಲ್ಲಿ ಒಯ್ಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರನ್ನು ತೆಗೆದು ಸ್ನಾರ್ಕೆಲನ್ನು ಬಾಯಿಗಿಡುವ ಕ್ರಮ ಈಜುಕೊಳದಲ್ಲೇ ಕೈಗೂಡಿರಬೇಕು; ಅಭ್ಯಾಸವಿಲ್ಲದೆ ಒಯ್ದರೆ ಅದರಿಂದ ಪ್ರಯೋಜನವಿಲ್ಲ.

ಸ್ನಾರ್ಕೆಲಿನ ಕೆಲಸವೆಲ್ಲ ನೀರಿನ ಮೇಲ್ಮೈಯಲ್ಲಿ. ಡೈವ್ ಮುಗಿಸಿ ಮೇಲೆ ಬರುವಷ್ಟರಲ್ಲಿ ಪ್ರವಾಹ ನಮ್ಮನ್ನು ದೋಣಿಯಿಂದ ದೂರ ಒಯ್ದಿರಬಹುದು, ಹೊತ್ತೇರಿದಂತೆ ಬಲಗೊಳ್ಳುವ ಕಡಲಗಾಳಿ ಅಲೆಗಳನ್ನು ಎಬ್ಬಿಸಿರಬಹುದು. ಆಗ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಉಳಿದಿರುವುದು 50 ಬಾರ್ ಗಾಳಿ (ಒಂದು ಬಾರ್ ಎಂದರೆ ಸುಮಾರು ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು). ಹೆಚ್ಚು ಬಳಕೆಯಲ್ಲಿರುವ ಅಲ್ಯೂಮಿನಿಯಂ ಸಿಲಿಂಡರಿನ ಒಳ ಅಳತೆ ಸುಮಾರು 11 ಲೀಟರ್ ಆದ್ದರಿಂದ, ಉಳಿದ ಗಾಳಿ ಸುಮಾರು 550 ಲೀಟರ್ ಎಂದಾಯಿತು. ಸುಮ್ಮನೆ ತೇಲುತ್ತಿರುವವರಿಗೆ ನಿಮಿಷಕ್ಕೆ 15ರಿಂದ 20 ಲೀಟರ್ ಸಾಕು. ಅಲೆಗೆ ಎದುರಾಗಿ ಫಿನ್ಸ್ (ಕಾಲಿಗೆ ತೊಡುವ ಈಜುರೆಕ್ಕೆ) ಬಡಿಯುತ್ತಾ ಈಜುವವರಿಗೆ ಅದರ ಇಮ್ಮಡಿ ಬೇಕಾಗುತ್ತದೆ, ಕಾಲು ಗಂಟೆಯಲ್ಲಿ ಸಿಲಿಂಡರ್ ಬರಿದಾಗುತ್ತದೆ. ಅದರ ನಂತರ ಮುಖಕ್ಕೆ ಅಪ್ಪಳಿಸುವ ಪ್ರತಿ ಅಲೆಯ ನಡುವೆ ಬಾಯಿ ತೆರೆದು ಉಸಿರೆಳೆದುಕೊಳ್ಳಬೇಕಾದ ಪಾಡು ಬರದಿರಲಿ ಎಂಬುದಕ್ಕೇ ಈ ಕೊಳವೆ.

ಹಾಗಾಗಿ ಮೊದಲ ಹಂತ, ಈ ಡೈವಿಗೆ ಅದು ಬೇಕೇ ಎಂದು ನಿರ್ಧರಿಸುವುದು. ತರಬೇತಿಯಿಲ್ಲದೆ ಒಂದು ದಿನದ ಅನುಭವಕ್ಕೆಂದು ಹೋಗಿ, ಇನ್‌ಸ್ಟ್ರಕ್ಟರ್ ಹಿಡಿದುಕೊಂಡೇ ಒಳಗೆ ಕರೆದೊಯ್ಯುವ ಪ್ರವಾಸಿಗಳಿಗೆ ಅದು ಬೇಕಿಲ್ಲ. ಗುಹೆ ಅಥವಾ ಮುಳುಗಿದ ಹಡಗಿನ ಒಳಹೋಗುವವರು ಅದನ್ನು ಮಾಸ್ಕಿಗೆ ಸಿಕ್ಕಿಸಲೇಬಾರದು. ಅವರ ಸುಮಾರು 2 ಮೀಟರ್ ಉದ್ದದ ರೆಗ್ಯುಲೇಟರ್ ಹೋಸ್ ಕುತ್ತಿಗೆಯನ್ನು ಬಳಸಿ ಬಂದಿರುತ್ತದೆ, ಗಾಳಿ ಮುಗಿದ ಜೊತೆಗಾರನಿಗೆ ಅದನ್ನು ಬಿಚ್ಚಿ ಕೊಡುವಾಗ ಕೊಳವೆಗೆ ತೊಡರಿಕೊಂಡರೆ ಪ್ರಾಣಕ್ಕೇ ಅಪಾಯ. ಉಳಿದಂತೆ, ದಡದಿಂದ ಈಜಿ ಹೋಗಿ ಮುಳುಗುವವರು, ಪ್ರವಾಹವಿರುವ ಕಡೆ ದೋಣಿಯಿಂದ ಇಳಿಯುವವರು ಒಯ್ಯಲೇಬೇಕು. ಒಂದು ಮಾತನ್ನು ಇಲ್ಲಿ ಸೇರಿಸಬೇಕು: ಜೇಬಿನಲ್ಲಿ ಒಂದಕ್ಕೇ ಜಾಗವಿದ್ದರೆ ಗಾಳಿ ತುಂಬಿ ಎತ್ತಿ ಹಿಡಿಯುವ ಕಿತ್ತಳೆ ಬಣ್ಣದ ಮಾರ್ಕರ್ ಬೋಯ್ ಇರಲಿ, ಸ್ನಾರ್ಕೆಲ್ ಬೇಡ. ದೋಣಿಯವರ ಕಣ್ಣಿಗೆ ಬೀಳುವುದು ಎಲ್ಲಕ್ಕಿಂತ ಮೊದಲು.

ಎರಡನೆಯ ಹಂತ ಆಯ್ಕೆ. ಪೂರ್ತಿ ಸಿಲಿಕೋನಿನ, ಸುತ್ತಿ ಜೇಬಿಗೆ ಹಾಕಬಹುದಾದ ಸರಳ ಕೊಳವೆಯನ್ನೇ ಕೊಳ್ಳಿರಿ. ತುದಿಯಲ್ಲಿ ತೇಲುವ ಮುಚ್ಚಳವಿದ್ದು ನೀರೇ ಒಳಬರದು ಎಂದು ಮಾರುವ ‘ಡ್ರೈ’ ಮಾದರಿಯನ್ನು ಸ್ಕೂಬಾಕ್ಕೆ ನಾನು ಯಾರಿಗೂ ಹೇಳುವುದಿಲ್ಲ. ನೀರಿನೊಳಗೆ ಅದರಲ್ಲಿ ಉಳಿದ ಗಾಳಿ ಮಾಸ್ಕನ್ನು ಮೇಲಕ್ಕೆಳೆಯುತ್ತದೆ, ಅಲೆ ಜೋರಿದ್ದಾಗ ಉಸಿರೆಳೆಯುವ ನಡುವೆಯೇ ಮುಚ್ಚಳ ಬಿದ್ದು ಗಾಬರಿ ಹುಟ್ಟಿಸುತ್ತದೆ. ಕೆಳತುದಿಯಲ್ಲಿ ನೀರು ಹೊರಹಾಕುವ ವಾಲ್ವ್ ಇರುವ ಮಾದರಿ ಕೆಟ್ಟದ್ದೇನಲ್ಲ, ಆದರೆ ಆ ತೆಳು ರಬ್ಬರ್ ಪದರದಡಿ ಒಂದು ಮರಳಿನ ಕಣವೋ ಕೂದಲೆಳೆಯೋ ಸಿಕ್ಕಿದರೆ ನೀರು ಜಿನುಗುತ್ತಲೇ ಇರುತ್ತದೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಮಾಸ್ಕ್ ಮತ್ತು ಸ್ನಾರ್ಕೆಲ್ ಜೋಡಿಯಲ್ಲಿ ಬಾಯಿಗಿಡುವ ಭಾಗ ಗಟ್ಟಿ ಪ್ಲಾಸ್ಟಿಕ್ಕಿನದಾಗಿರುತ್ತದೆ, ಸ್ವಲ್ಪ ಹೊತ್ತಿಗೇ ದವಡೆ ನೋಯುತ್ತದೆ. ಇಡೀ ಮುಖ ಮುಚ್ಚುವ ಸ್ನಾರ್ಕೆಲ್ ಮಾಸ್ಕ್ ಅಂತೂ ಸ್ಕೂಬಾದ ಹತ್ತಿರಕ್ಕೂ ಬರಕೂಡದು. ಅದರಲ್ಲಿ ರೆಗ್ಯುಲೇಟರ್ ಬಾಯಿಗಿಡಲು ಆಗದು, ಕಿವಿಯ ಒತ್ತಡ ಸರಿಪಡಿಸಲು ಮೂಗು ಹಿಡಿಯಲೂ ಆಗದು. ಕೊಳವೆ ಉದ್ದವಿದ್ದಷ್ಟೂ ಒಳ್ಳೆಯದೆಂಬ ನಂಬಿಕೆಯೂ ತಪ್ಪು, 40 ಸೆಂಟಿಮೀಟರಿನ ಒಳಗೇ ಇರಲಿ.

ಮೂರನೆಯದು, ಇಡುವ ಜಾಗ. ನೀರಿನೊಳಗೆ ಇರುವಷ್ಟು ಹೊತ್ತೂ ಅದು ಬಿಸಿಡಿ ಜಾಕೆಟ್ಟಿನ (ಗಾಳಿ ತುಂಬಿ, ಬಿಟ್ಟು ತೇಲುವಿಕೆಯನ್ನು ಹೊಂದಿಸಿಕೊಳ್ಳುವ ಜಾಕೆಟ್) ಜೇಬಿನಲ್ಲೇ ಕ್ಲಿಪ್ ಹಾಕಿಕೊಂಡಿರಲಿ. ಮಾಸ್ಕಿಗೆ ಸಿಕ್ಕಿಸಿದ ಕೊಳವೆ ಪ್ರವಾಹದಲ್ಲಿ ಅದುರುತ್ತಾ ಪಟ್ಟಿಯನ್ನು ಎಳೆಯುತ್ತದೆ, ಆ ಬದಿಯಿಂದ ಮಾಸ್ಕಿಗೆ ನೀರು ಬರುತ್ತದೆ. ನಮ್ಮ ಕರಾವಳಿಯಲ್ಲಿ ಹರಿದ ಮೀನುಬಲೆಯ ತುಂಡುಗಳು ಬಂಡೆಗಳಿಗೆ ಸಿಕ್ಕಿಕೊಂಡಿರುವುದೂ ಉಂಟು; ದೇಹದಿಂದ ಹೊರಚಾಚಿದ ವಸ್ತು ಎಷ್ಟು ಕಡಿಮೆಯೋ ಅಷ್ಟು ಕ್ಷೇಮ. ಮೇಲೆ ಬಂದ ಮೇಲೆ ತೊಡುವಾಗ ಎಡಬದಿಗೇ ತೊಡಬೇಕು, ಏಕೆಂದರೆ ರೆಗ್ಯುಲೇಟರಿನ ಹೋಸ್ ಬಲಭುಜದ ಮೇಲಿಂದ ಬರುತ್ತದೆ.

ಇನ್ನು ಎಲ್ಲರೂ ಎಡವುವ ಹಂತ, ರೆಗ್ಯುಲೇಟರಿನಿಂದ ಸ್ನಾರ್ಕೆಲಿಗೆ ಬದಲಾಯಿಸಿಕೊಳ್ಳುವುದು. ಡೈವಿಂಗ್ ತರಬೇತಿಯ ಪ್ಯಾಡಿ ಸಂಸ್ಥೆಯ ಓಪನ್ ವಾಟರ್ ಎಂಬ ಆರಂಭಿಕ ಕೋರ್ಸಿನಲ್ಲಿ ಇದನ್ನು ಕಲಿಸುತ್ತಾರೆ, ಆದರೆ ಸದ್ದಿಲ್ಲದ ಈಜುಕೊಳದಲ್ಲಿ ಒಂದೆರಡು ಸಲ ಮಾಡಿ ಮುಗಿಸಿದ್ದು ಅಲೆಯ ನಡುವೆ ನೆನಪಿಗೆ ಬರುವುದಿಲ್ಲ. ಮಾಡಬೇಕಾದದ್ದು ಹೀಗೆ. ಮೇಲ್ಮೈಗೆ ಬಂದೊಡನೆ ಜಾಕೆಟ್ಟಿಗೆ ಗಾಳಿ ತುಂಬಿ, ಕೈಕಾಲು ಆಡಿಸದಿದ್ದರೂ ತಲೆ ನೀರಿನ ಮೇಲಿರುವಂತೆ ಮಾಡಿಕೊಳ್ಳಿರಿ. ಇದಾಗುವ ತನಕ ರೆಗ್ಯುಲೇಟರ್ ಬಾಯಿಂದ ಕದಲಬಾರದು. ಎಡಗೈಯಲ್ಲಿ ಕೊಳವೆಯ ಮೌತ್‌ಪೀಸನ್ನು ತುಟಿಯ ಹತ್ತಿರ ತಂದು ಹಿಡಿಯಿರಿ, ಬಲಗೈ ರೆಗ್ಯುಲೇಟರಿನ ಮೇಲಿರಲಿ. ರೆಗ್ಯುಲೇಟರಿನಿಂದಲೇ ಎದೆ ತುಂಬ ಉಸಿರೆಳೆದುಕೊಳ್ಳಿರಿ. ಬಹುತೇಕರು ತಪ್ಪುವುದು ಇಲ್ಲಿಯೇ: ಉಸಿರು ಬಿಟ್ಟ ಮೇಲೆ ಬದಲಾಯಿಸುತ್ತಾರೆ, ಕೊಳವೆ ಬಾಯಿಗೆ ಬಂದಾಗ ಅದರೊಳಗಿನ ನೀರನ್ನು ಊದಿ ಹಾಕಲು ಎದೆಯಲ್ಲಿ ಗಾಳಿಯೇ ಇರುವುದಿಲ್ಲ, ದಿಕ್ಕು ತೋಚದೆ ಒಳಗೆಳೆಯುತ್ತಾರೆ.

ಎದೆ ತುಂಬಿದ ಮೇಲೆ ರೆಗ್ಯುಲೇಟರನ್ನು ಬಾಯಿಯಿಂದ ತೆಗೆದು, ಅದರ ಬಾಯಿ ಕೆಳಮುಖವಾಗುವಂತೆ ನೀರಿಗೆ ಬಿಡಿರಿ. ಮೇಲ್ಮುಖವಾಗಿ ಬಿಟ್ಟರೆ ಗಾಳಿ ತಾನಾಗಿ ಬುಸುಗುಟ್ಟಿ ಹರಿದು ಖಾಲಿಯಾಗುತ್ತದೆ. ಮೌತ್‌ಪೀಸನ್ನು ಹಲ್ಲಿನಲ್ಲಿ ಮೃದುವಾಗಿ ಕಚ್ಚಿ, ತುಟಿಗಳನ್ನು ಸುತ್ತಲೂ ಬಿಗಿಯಾಗಿ ಮುಚ್ಚಿಕೊಳ್ಳಿರಿ. ಮುಖವನ್ನು ನೀರಿಗೆ ತಂದು, ಬಾಯಲ್ಲಿ ‘ಟೂ’ ಎನ್ನುವಂತೆ ಒಂದೇ ಏಟಿಗೆ ಜೋರಾಗಿ ಊದಿರಿ. ಕೊಳವೆಯ ತುದಿಯಿಂದ ನೀರು ಚಿಮ್ಮಿದ ಸದ್ದು ಕಿವಿಗೆ ಬೀಳಬೇಕು. ನಿಧಾನವಾಗಿ ಉದ್ದಕ್ಕೆ ಊದಿದರೆ ಗಾಳಿ ನೀರಿನ ಪಕ್ಕದಿಂದ ಗುಳುಗುಳು ಎಂದು ಹೋಗುತ್ತದೆಯೇ ಹೊರತು ನೀರು ಹೋಗುವುದಿಲ್ಲ. ನಂತರದ ಮೊದಲ ಉಸಿರನ್ನು ಬಿಸಿ ಕಾಫಿಯನ್ನು ತುಟಿಗಿಡುವಷ್ಟು ಎಚ್ಚರಿಕೆಯಿಂದ ಎಳೆಯಬೇಕು. ನಾಲಿಗೆಯ ತುದಿ ಮೇಲಂಗುಳಕ್ಕೆ ತಾಗಿದ್ದರೆ ಉಳಿದ ಹನಿಗಳು ಗಂಟಲಿಗೆ ಹೋಗುವುದಿಲ್ಲ. ಗುಳುಗುಳು ಸದ್ದು ಇನ್ನೂ ಇದ್ದರೆ ಆ ಅರ್ಧ ಉಸಿರಿನಲ್ಲೇ ಇನ್ನೊಮ್ಮೆ ಊದಿರಿ. ಎರಡನೆಯ ಸಲವೂ ಆಗದಿದ್ದರೆ ಹಟ ಹಿಡಿಯದೆ ತಲೆ ಎತ್ತಿ, ರೆಗ್ಯುಲೇಟರನ್ನು ಬಾಯಿಗಿಟ್ಟು ಅದರ ಪರ್ಜ್ ಬಟನ್ ಒತ್ತಿ ನೀರು ತೆಗೆದು, ಉಸಿರು ಹದಕ್ಕೆ ಬಂದ ಮೇಲೆ ಮೊದಲಿಂದ ಮಾಡಿರಿ.

ಇದು ಕೈಗೂಡಿದ ಮೇಲೂ ಕೆಲವರು ಬೇಗ ಸುಸ್ತಾಗುತ್ತಾರೆ, ಕಾರಣ ಉಸಿರಾಟದ ಲಯ. ಸಾಮಾನ್ಯ ಉಸಿರೊಂದರಲ್ಲಿ ಸುಮಾರು ಅರ್ಧ ಲೀಟರ್ ಗಾಳಿ ಓಡಾಡುತ್ತದೆ. ಅದರಲ್ಲಿ ಸುಮಾರು 150 ಮಿಲಿಲೀಟರ್ ಶ್ವಾಸನಾಳದಲ್ಲೇ ಉಳಿದು ಉಪಯೋಗಕ್ಕೆ ಬರುವುದಿಲ್ಲ, ಕೊಳವೆ ಸೇರಿದರೆ ಸುಮಾರು ಅಷ್ಟೇ ಮತ್ತೆ ವ್ಯರ್ಥವಾಗುತ್ತದೆ. ಗಾಬರಿಯಿಂದ ಮೇಲುಮೇಲಕ್ಕೆ ಏದುಸಿರು ಬಿಟ್ಟರೆ ಬಿಟ್ಟ ಗಾಳಿಯನ್ನೇ ಮತ್ತೆ ಎಳೆದಂತಾಗಿ, ಇಂಗಾಲದ ಡೈಆಕ್ಸೈಡ್ ಹೆಚ್ಚಿ, ಉಸಿರುಕಟ್ಟಿದ ಅನುಭವವಾಗುತ್ತದೆ. ಆದ್ದರಿಂದ ಆಳವಾಗಿ ಎಳೆದು ಪೂರ್ತಿಯಾಗಿ ಬಿಡುವುದನ್ನು ರೂಢಿಸಿಕೊಳ್ಳಬೇಕು. ಇನ್ನೊಂದು ತೊಂದರೆ ಜಾಕೆಟ್ಟಿನದು: ಅದು ಪೂರ್ತಿ ಉಬ್ಬಿದ್ದರೆ ಮುಖ ಕೆಳಗೆ ಮಾಡಿ ಮಲಗಲು ಬಿಡುವುದಿಲ್ಲ, ಸ್ವಲ್ಪ ಗಾಳಿ ಬಿಟ್ಟು ದೇಹವನ್ನು ಸಮಮಾಡಿಕೊಳ್ಳಬೇಕು. ನೋಟ ಸ್ವಲ್ಪ ಮುಂದಕ್ಕಿದ್ದರೆ ಕೊಳವೆ ನೆಟ್ಟಗಿರುತ್ತದೆ. ನೀರು ಶಾಂತವಾಗಿದ್ದು ದೋಣಿ ಹತ್ತಿರವಿದ್ದರೆ ಇದೆಲ್ಲ ಬೇಡ, ಬೆನ್ನ ಮೇಲೆ ಮಲಗಿ ಫಿನ್ಸ್ ಬಡಿಯುತ್ತಾ ಹೋಗುವುದೇ ಸುಲಭ.

ಅಭ್ಯಾಸಕ್ಕೆ ಸಮುದ್ರ ಬೇಕಿಲ್ಲ. ಕೊಳವೆಗೆ ಬೇಕೆಂದೇ ನೀರು ತುಂಬಿಸಿ ಊದಿ ತೆಗೆಯುವುದನ್ನು ಮನೆ ಹತ್ತಿರದ ಈಜುಕೊಳದಲ್ಲಿ, ಜನ ಕಡಿಮೆ ಇರುವ ಹೊತ್ತಿನಲ್ಲಿ ಕೋಚ್‌ಗೆ ಹೇಳಿ ಮಾಡಬಹುದು. ಮಾಸ್ಕ್ ಇಲ್ಲದೆ, ಮೂಗು ನೀರಿನಲ್ಲಿರುವಾಗ ಬಾಯಿಯಿಂದಷ್ಟೇ ಉಸಿರಾಡುವುದನ್ನೂ ಅಲ್ಲೇ ಕಲಿಯಿರಿ. ರೆಗ್ಯುಲೇಟರ್ ಜೊತೆಗಿನ ಬದಲಾವಣೆಯನ್ನು ಮಾತ್ರ ಇನ್‌ಸ್ಟ್ರಕ್ಟರ್ ಇರುವಾಗ, ಕಣ್ಣು ಮುಚ್ಚಿ ಮಾಡಿದರೂ ತಪ್ಪದಷ್ಟು ಸಲ ಮಾಡಬೇಕು.

ದಡದಿಂದ ಸ್ನಾರ್ಕೆಲಿನಲ್ಲಿ ಈಜಿ ಹೋಗಿ ಮುಳುಗುವವರಿಗೆ ಕೊನೆಯ ಎಚ್ಚರಿಕೆಯೊಂದಿದೆ. ಇಳಿಯುವ ಸನ್ನೆ ಬಂದೊಡನೆ ಕೊಳವೆ ಬಾಯಲ್ಲಿರುವಾಗಲೇ ಜಾಕೆಟ್ಟಿನ ಗಾಳಿ ಬಿಟ್ಟು ಮುಳುಗಲು ಹೊರಟವರನ್ನು ನೋಡಿದ್ದೇನೆ. ಎಡಗೈಯಲ್ಲಿ ಇನ್‌ಫ್ಲೇಟರ್ (ಜಾಕೆಟ್ಟಿಗೆ ಗಾಳಿ ತುಂಬುವ, ಬಿಡುವ ಹಿಡಿಕೆ) ಹಿಡಿಯುವ ಮುನ್ನ ಬಾಯಲ್ಲಿರುವುದು ರೆಗ್ಯುಲೇಟರೇ ಎಂದು ಮುಟ್ಟಿ ನೋಡಿ, ಪ್ರೆಶರ್ ಗೇಜನ್ನು ನೋಡುತ್ತಾ ಎರಡು ಮೂರು ಉಸಿರು ಎಳೆಯಿರಿ. ಉಸಿರೆಳೆದಾಗಲೆಲ್ಲ ಮುಳ್ಳು ಕೆಳಗೆ ಬಿದ್ದು ಮೇಲೇಳುತ್ತಿದ್ದರೆ ಸಿಲಿಂಡರಿನ ವಾಲ್ವ್ ಪೂರ್ತಿ ತೆರೆದಿಲ್ಲ ಎಂಬುದೂ ಆಗಲೇ ತಿಳಿಯುತ್ತದೆ.

ಮನೆಗೆ ಬಂದ ಮೇಲೆ ಕೊಳವೆಯನ್ನು ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಸುತ್ತದೆ ಉದ್ದಕ್ಕೇ ಇಡಿರಿ. ತಿಂಗಳುಗಟ್ಟಲೆ ಸುತ್ತಿಟ್ಟ ಸಿಲಿಕೋನ್ ಮಡಿಕೆಯ ಜಾಗದಲ್ಲಿ ಚಪ್ಪಟೆಯಾಗಿ ಗಾಳಿಯ ದಾರಿ ಕಿರಿದಾಗುತ್ತದೆ.