ಗೆರೆಗೂ ಗಾರೆಗೂ ನಡುವಿನ ಓದು

ಪಿಯುಸಿ ಫಲಿತಾಂಶ ಬಂದ ವಾರ ನಮ್ಮ ಮನೆ ಜಗುಲಿಯಲ್ಲಿ ಇಬ್ಬರು ಮೂವರು ಮಕ್ಕಳಾದರೂ ಕೂತಿರುತ್ತಾರೆ. ಜೊತೆಗೆ ಅಪ್ಪನೋ ಚಿಕ್ಕಪ್ಪನೋ ಇರುತ್ತಾರೆ. 'ಸಾರ್, ಇವನಿಗೆ ಮನೆ ಕಟ್ಟೋದು ಅಂದ್ರೆ ಹುಚ್ಚು. ಆರ್ಕಿಟೆಕ್ಟ್ ಮಾಡ್ಸೋದಾ, ಸಿವಿಲ್ ಮಾಡ್ಸೋದಾ?' ನಾನು ಶಿವಮೊಗ್ಗದಲ್ಲಿ ಡಿಪ್ಲೊಮಾ ಓದಿದವನು. ಆಮೇಲೆ ಬಿ.ಇ. ಮುಗಿಸಿ ತೀರ್ಥಹಳ್ಳಿ, ಹೊಸನಗರ, ಸಾಗರದ ಸೈಟ್‌ಗಳಲ್ಲಿ ನೆಂದು ಒಣಗಿದವನು. ಅವರ ಪ್ರಶ್ನೆಗೆ ಉತ್ತರ ಕೊಡುವ ಮೊದಲು ನನ್ನದೇ ಒಂದು ಪ್ರಶ್ನೆ ಕೇಳುತ್ತೇನೆ.

ಅರ್ಧ ಕಟ್ಟಿದ ಮನೆ ಮುಂದೆ ನಿಂತರೆ ನಿನ್ನ ಕಣ್ಣು ಮೊದಲು ಎಲ್ಲಿಗೆ ಹೋಗುತ್ತೆ?

ಮೊದಲು ಇದನ್ನು ತೀರ್ಮಾನಿಸಿ

ಬೆಳಕು ಎಲ್ಲಿಂದ ಬರುತ್ತೆ, ಜಗುಲಿ ಎಷ್ಟು ಅಗಲ ಬೇಕು, ಒಳಗೆ ಕಾಲಿಟ್ಟಾಗ ಹೇಗನ್ನಿಸಬೇಕು ಅಂತ ಯೋಚಿಸುವವರು ಬಿ.ಆರ್ಕ್, ಅಂದರೆ ಆರ್ಕಿಟೆಕ್ಚರ್ ಪದವಿ ಕಡೆ ನೋಡಲಿ. ತೊಲೆ ಭಾರ ತಡೆಯುತ್ತಾ, ಪಾಯ ಕೂತ್ಕೊಳ್ಳುತ್ತಾ ಅಂತ ಕೇಳುವವರಿಗೆ ಸಿವಿಲ್ ಸರಿ. 'ಈ ಕಿಟಕಿ ಗೋಡೆಗೆ ಹೇಗೆ ಕೂತಿದೆ? ಇಷ್ಟಕ್ಕೆ ಎಷ್ಟು ದಿನ ಹಿಡೀತು, ಎಷ್ಟು ಖರ್ಚಾಯ್ತು?' ಅಂತ ಕೇಳುವ ಮೂರನೆಯ ಜಾತಿಯ ಮಕ್ಕಳೂ ಇದ್ದಾರೆ. ಈ ಲೇಖನ ಜಾಸ್ತಿ ಅವರಿಗಾಗಿ.

ಬ್ರಿಟನ್, ಐರ್ಲೆಂಡ್‌ಗಳಲ್ಲಿ ಈ ಮೂರನೆಯವರಿಗೆಂದೇ ಆರ್ಕಿಟೆಕ್ಚರಲ್ ಟೆಕ್ನಾಲಜಿ ಎಂಬ ಪದವಿ ಇದೆ. ಕಾಗದದ ಮೇಲಿನ ಕಟ್ಟಡವನ್ನು ಸೋರದ ಹಾಗೆ, ಬಿರುಕು ಬಿಡದ ಹಾಗೆ ನಿಜವಾಗಿ ಕಟ್ಟುವುದು ಹೇಗೆ ಅನ್ನುವುದೇ ಅಲ್ಲಿನ ಪಾಠ. ಅದರ ಪಕ್ಕದಲ್ಲೇ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಇದೆ. ಜನ, ಸಾಮಾನು, ದುಡ್ಡು, ದಿನ, ಈ ನಾಲ್ಕನ್ನೂ ಒಂದೇ ಗಾಡಿಗೆ ಕಟ್ಟಿ ಓಡಿಸುವ ವಿದ್ಯೆ ಅದು. ನಮ್ಮಲ್ಲಿ ಮೊದಲನೆಯ ಹೆಸರಿನ ಪದವಿ ಅಪರೂಪ. ಕೆಲಸ ಮಾತ್ರ ಊರೂರಲ್ಲೂ ಇದೆ. ಹಾಗಾಗಿ ಬೇರೆ ಹೆಸರಿನ ಬಾಗಿಲಿಂದ ಒಳಗೆ ಹೋಗಬೇಕಾಗುತ್ತದೆ.

ಒಂದು ತಗಡಿನ ಕಥೆ

ಈ ಮೂರನೆಯ ವಿದ್ಯೆ ಏಕೆ ಬೇಕು ಅನ್ನುವುದು ನನಗೆ ಗೊತ್ತಾಗಿದ್ದು ನನ್ನದೇ ತಪ್ಪಿನಿಂದ. ತೀರ್ಥಹಳ್ಳಿ ಹತ್ತಿರ ಒಂದು ಮನೆ. ಮುಂದೆ ಹೆಂಚಿನ ಮಾಡು, ಹಿಂದೆ ಎರಡಂತಸ್ತಿನ ಆರ್‌ಸಿಸಿ. ಮೇಲಂತಸ್ತಿನ ಗೋಡೆಗೆ ಹೆಂಚಿನ ಮಾಡು ಬಂದು ತಾಗುತ್ತಿತ್ತು. ನಕ್ಷೆಯಲ್ಲಿ ನಾನು ಎರಡು ಗೆರೆ ಎಳೆದೆ. ಒಂದು ಓರೆ, ಒಂದು ನೆಟ್ಟಗೆ. ಎರಡೂ ಚೆಂದವಾಗಿ ಕೂಡಿಕೊಂಡವು. ಮೃಗಶಿರ ಮಳೆ ಹಿಡಿದ ಮೂರನೇ ದಿನ ಫೋನ್ ಬಂತು. ದೇವರ ಕೋಣೆ ಗೋಡೆಯಲ್ಲಿ ನೀರು ಇಳೀತಿದೆ.

ಹೋಗಿ ನೋಡಿದರೆ ಹೆಂಚೂ ಸರಿ ಇದೆ, ಗೋಡೆಯೂ ಸರಿ ಇದೆ. ಎರಡೂ ಸೇರುವ ಕಡೆ ಬರೀ ಸಿಮೆಂಟ್ ಗಾರೆ ಮೆತ್ತಿದ್ದರು. ಬೇಸಿಗೆ ಬಿಸಿಲಿಗೆ ಅದು ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಹಳೇ ಮೇಸ್ತ್ರಿ ಒಬ್ಬರು ಬೀಡಿ ಆರಿಸಿ ಹೇಳಿದರು: 'ತಮ್ಮಾ, ಗೆರೆಗೆ ಗೆರೆ ಅಂಟ್ತದೆ. ಗೋಡೆಗೆ ಹೆಂಚು ಅಂಟಲ್ಲ.'

ಆಮೇಲೆ ಗೋಡೆಯಲ್ಲಿ ಹೆಂಚಿಗಿಂತ ಒಂದು ಗೇಣು ಮೇಲೆ ಉದ್ದಕ್ಕೆ ಸಣ್ಣ ಸೀಳು ಕೊರೆದೆವು. ಅಲ್ಯೂಮಿನಿಯಂ ತಗಡಿನ ಒಂದು ಅಂಚನ್ನು ಅದರೊಳಗೆ ಸಿಕ್ಕಿಸಿ, ಇನ್ನೊಂದು ಅಂಚನ್ನು ಹೆಂಚಿನ ಮೇಲೆ ಬಗ್ಗಿಸಿ ಬಿಟ್ಟೆವು. ಗೋಡೆ ಮೇಲಿಂದ ಇಳಿದ ನೀರು ತಗಡಿನ ಮೇಲೆ ಜಾರಿ ಹೆಂಚಿಗೆ ಬೀಳುತ್ತೆ, ಸಂದಿಗೆ ಹೋಗೋದೇ ಇಲ್ಲ. ಮಾಡೂ ಗೋಡೆಯೂ ತಮ್ಮ ಪಾಡಿಗೆ ಹಿಗ್ಗಿ ಕುಗ್ಗಿದರೂ ತಗಡು ತಡೆದುಕೊಳ್ಳುತ್ತೆ. ಇದಕ್ಕೆ ಫ್ಲಾಶಿಂಗ್ ಅನ್ನುತ್ತಾರೆ. ಈ ಒಂದು ಸಂದಿಯ ಚಿತ್ರವನ್ನು ದೊಡ್ಡದಾಗಿ, ಅಳತೆ ಹಾಕಿ, ಯಾವ ಕೆಲಸ ಮೊದಲು ಯಾವುದು ಆಮೇಲೆ ಅಂತ ಬರೆದುಕೊಡುವವನೇ ಕಟ್ಟಡ ತಂತ್ರಜ್ಞ. ಅವತ್ತು ಆ ಸೈಟ್‌ನಲ್ಲಿ ಇಲ್ಲದೇ ಹೋಗಿದ್ದು ಅವನೇ.

ನೀರಿನ ಲೆಕ್ಕ ತುಂಬ ಸರಳ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರ್ ಮಾಡಿನ ಮೇಲೆ ದಿನಕ್ಕೆ 100 ಮಿಲಿಮೀಟರ್ ಸುರಿದರೆ 10,000 ಲೀಟರ್. ಆಗುಂಬೆ ಕಡೆ ಇದು ಸುದ್ದಿಯೇ ಅಲ್ಲ, ಅಲ್ವಾ? ಅಷ್ಟು ನೀರು ಮಾಡಿನ ಅಂಚಿನ ಯಾವ ದೋಣಿಗೆ ಬಿದ್ದು ಯಾವ ಪೈಪಿನಲ್ಲಿ ಇಳಿದು ಎಲ್ಲಿ ಹೋಗಬೇಕು ಅನ್ನುವುದನ್ನು ಪಾಯ ತೋಡುವ ಮೊದಲೇ ಯಾರಾದರೂ ಯೋಚಿಸಿರಬೇಕು.

ದಾರಿಗಳು

ಎಸ್ಸೆಸ್ಸೆಲ್ಸಿ ಮುಗಿದವರಿಗೆ ಮೂರು ವರ್ಷದ ಸಿವಿಲ್ ಡಿಪ್ಲೊಮಾ ಇದೆ. ನನ್ನ ಪಕ್ಷಪಾತ ಮುಚ್ಚಿಡುವುದಿಲ್ಲ, ನನಗೆ ಇದೇ ಒಳ್ಳೇ ದಾರಿ ಅನ್ನಿಸುತ್ತದೆ. ಹದಿನಾರನೇ ವಯಸ್ಸಿಗೇ ಸರ್ವೆ ಮಾಡಿ, ಕಾಂಕ್ರೀಟ್ ಕಲಸಿ, ಎಸ್ಟಿಮೇಟ್ ಹಾಕಿ ಕೈ ಪಳಗುತ್ತದೆ. ಮುಗಿದ ಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ಬಿ.ಇ. ಎರಡನೇ ವರ್ಷಕ್ಕೇ ನೇರ ಸೇರಬಹುದು. ಗಣಿತದಲ್ಲಿ ಮಾತ್ರ ಪಿಯುಸಿ ಮಾಡಿ ಬಂದವರಿಗಿಂತ ಸ್ವಲ್ಪ ಹಿಂದೆ ಬೀಳುತ್ತೀರಿ. ಡಿಪ್ಲೊಮಾ ಮುಗಿದ ರಜೆಯಲ್ಲಿ ಕ್ಯಾಲ್ಕುಲಸ್ ಕೂತು ಓದಿ. ಐಟಿಐನ ಡ್ರಾಫ್ಟ್ಸ್‌ಮನ್ ಸಿವಿಲ್ ಎರಡು ವರ್ಷದ್ದು. ನಕ್ಷೆ ಎಳೆಯೋದೇ ಇಷ್ಟ, ಬೇಗ ದುಡಿಯಬೇಕು ಅನ್ನುವವರಿಗೆ ಅದು ಸಾಕು.

ಪಿಯುಸಿ ಸೈನ್ಸ್ ಮಾಡಿದವರು ಕೆಸಿಇಟಿ ಬರೆದು ಸಿವಿಲ್ ಬಿ.ಇ. ಸೇರಬಹುದು. ಸಿಇಟಿ ಅಂಕ ಅರ್ಧ, ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ ಸೇರಿ ರ‍್ಯಾಂಕ್ ಬರುತ್ತದೆ. ಶಿವಮೊಗ್ಗದಲ್ಲಿ 1980ರಲ್ಲಿ ಶುರುವಾದ ಇಂಜಿನಿಯರಿಂಗ್ ಕಾಲೇಜು ಜೆಎನ್‌ಎನ್‌ಸಿಇ ಇದೆ. ಹಾಸನಕ್ಕೆ ಹೋಗಲು ತಯಾರಿದ್ದರೆ 1960ರ ಮಲ್ನಾಡ್ ಇಂಜಿನಿಯರಿಂಗ್ ಕಾಲೇಜು ಇದೆ.

ಬಿ.ಆರ್ಕ್ ಐದು ವರ್ಷದ್ದು. ಅದಕ್ಕೆ ಸಿಇಟಿ ಸಾಲದು. ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ನಡೆಸುವ ನಾಟಾ ಬರೆಯಬೇಕು, ಅದರಲ್ಲಿ ಕೈಯಲ್ಲಿ ಚಿತ್ರ ಬಿಡಿಸುವ ಭಾಗವೂ ಇದೆ. ರಾಜ್ಯದ ಸೀಟಿಗೆ ನಾಟಾ ಅರ್ಧ, ಪಿಯುಸಿ ಅರ್ಧ. ನಮ್ಮ ಕಡೆಯ ಮಕ್ಕಳು ಸಾಮಾನ್ಯವಾಗಿ ಮಣಿಪಾಲ, ಮಂಗಳೂರು, ಮೈಸೂರು, ಬೆಂಗಳೂರು ಹಿಡಿಯುತ್ತಾರೆ. ಹಾಸ್ಟೆಲ್ ಖರ್ಚು, ಮಾಡೆಲ್ ಮಾಡುವ ಸಾಮಾನಿನ ಖರ್ಚು ಎರಡನ್ನೂ ಮೊದಲೇ ಲೆಕ್ಕ ಹಾಕಿ.

ಇನ್ನೊಂದು ವಿಷಯ ತಲೆಯಲ್ಲಿರಲಿ. ನಮ್ಮ ದೇಶದಲ್ಲಿ 1972ರ ಕಾಯ್ದೆ ಪ್ರಕಾರ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡವರು ಮಾತ್ರ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು. ಸಿವಿಲ್ ಓದಿದವರು ಬೋರ್ಡಿನಲ್ಲಿ ಆ ಪದ ಬರೆಸಬೇಡಿ. ಬ್ರಿಟನ್‌ನಲ್ಲೂ ಹೀಗೇ. ಅಲ್ಲಿ ಆರ್ಕಿಟೆಕ್ಚರಲ್ ಟೆಕ್ನಾಲಜಿ ಓದಿದವರಿಗೆ ಅವರದೇ ಚಾರ್ಟರ್ಡ್ ಸಂಸ್ಥೆ ಇದೆ, ಸಿಐಎಟಿ ಅಂತ. ಸದಸ್ಯತ್ವ ಸಿಕ್ಕರೆ ಒಳ್ಳೇ ಗೌರವವಿದೆ. ಆದರೆ ಅದು ಆರ್ಕಿಟೆಕ್ಟ್ ಪಟ್ಟ ಅಲ್ಲ. ಸಾಲ ಮಾಡಿ ವಿದೇಶಕ್ಕೆ ಹೋಗುವವರು ಏಜೆಂಟನ ಮಾತು ನಂಬುವ ಮೊದಲು ಇದನ್ನು ಬಿಡಿಸಿ ಕೇಳಿ. ಅಲ್ಲಿನ ಕೆಲವು ಕೋರ್ಸ್‌ಗಳ ನಡುವೆ ಒಂದು ವರ್ಷ ಕಂಪನಿಯಲ್ಲಿ ಕೆಲಸ ಮಾಡಿ ಬರುವ ಅವಕಾಶ ಇರುತ್ತದೆ. ಅಂಥದ್ದೇ ಆರಿಸಿ.

ಮ್ಯಾನೇಜ್‌ಮೆಂಟನ್ನೇ ಆಳವಾಗಿ ಓದಬೇಕು ಅಂದರೆ ಪದವಿ ಆದ ಮೇಲೆ ಹೋಗುವುದು ಲೇಸು. ಎಂ.ಟೆಕ್ ಪ್ರವೇಶ ಪರೀಕ್ಷೆ ಗೇಟ್ ಬರೆದರೆ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಇದಕ್ಕೇ ಎಂ.ಟೆಕ್ ಇದೆ. ಪುಣೆಯ ನಿಕ್ಮಾರ್ ಸಂಸ್ಥೆ ಇದರಲ್ಲೇ ಹೆಸರು ಮಾಡಿದ್ದು. ನನ್ನ ಮಾತು ಕೇಳುವುದಾದರೆ ನಡುವೆ ಎರಡು ವರ್ಷ ಸೈಟ್‌ನಲ್ಲಿ ಇದ್ದು ಹೋಗಿ. ಕೂಲಿ ಬಟವಾಡೆ ನೋಡದವನಿಗೆ ಕ್ಯಾಶ್ ಫ್ಲೋ, ಅಂದರೆ ದುಡ್ಡು ಬಂದು ಹೋಗುವ ಪಾಠ ಸುಮ್ನೆ ಕಾಗದ.

ಮಳೆಯಿಂದ ಹಿಂದಕ್ಕೆ ಎಣಿಸುವುದು

ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಪುಸ್ತಕದಲ್ಲಿ ಕ್ರಿಟಿಕಲ್ ಪಾತ್ ಅಂತ ಒಂದು ಅಧ್ಯಾಯ ಬರುತ್ತದೆ. ಯಾವ ಕೆಲಸ ಒಂದು ದಿನ ತಡವಾದರೆ ಇಡೀ ಮನೆಯೇ ಒಂದು ದಿನ ತಡವಾಗುತ್ತದೋ ಆ ಕೆಲಸಗಳ ಸರಪಳಿ ಅದು. ಮಲೆನಾಡಿನ ಹುಡುಗರಿಗೆ ಇದು ಬೇಗ ಅರ್ಥವಾಗಬೇಕು. ನಮ್ಮಲ್ಲಿ ಕೊನೆಯ ದಿನವನ್ನು ಗುತ್ತಿಗೆದಾರ ಬರೆಯುವುದಿಲ್ಲ, ಮಳೆ ಬರೆಯುತ್ತದೆ.

ಕಾಗದ ತೆಗೆದುಕೊಂಡು ಜೂನ್ ಮೊದಲ ವಾರದಿಂದ ಹಿಂದಕ್ಕೆ ಎಣಿಸಿ. ಅಷ್ಟರೊಳಗೆ ಸೂರು ಮುಚ್ಚಿರಬೇಕು. ಸ್ಲ್ಯಾಬ್ ಹಾಕಿದ ಮೇಲೆ ಮಾಮೂಲಿ ಸಿಮೆಂಟಾದರೆ ಕನಿಷ್ಠ 7 ದಿನ, ಬೂದಿ ಇತ್ಯಾದಿ ಬೆರೆಸಿದ ಮಿಶ್ರ ಸಿಮೆಂಟಾದರೆ 10 ದಿನ ನೀರು ಉಣಿಸಬೇಕು. ಸೆಂಟ್ರಿಂಗಿನ ಆಸರೆ ಕಂಬ ತೆಗೆಯಲು 4.5 ಮೀಟರ್ ವರೆಗಿನ ಸ್ಲ್ಯಾಬ್‌ಗೆ 7 ದಿನ, ಅದಕ್ಕಿಂತ ಅಗಲವಾದರೆ 14 ದಿನ. ಇವು ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಹೇಳುವ ಕನಿಷ್ಠ ಲೆಕ್ಕ, ಮಿಶ್ರ ಸಿಮೆಂಟಿಗೆ ಇನ್ನೂ ಸ್ವಲ್ಪ ತಡೆಯುವುದು ಒಳ್ಳೇದು. ಅದರ ಹಿಂದೆ ಕಂಬಿ ಕಟ್ಟುವುದು, ಅದರ ಹಿಂದೆ ಗೋಡೆ, ಅದರ ಹಿಂದೆ ಪಾಯ. ಎಣಿಸುತ್ತಾ ಹೋದರೆ ದೀಪಾವಳಿಗೇ ಪಾಯ ತೋಡಬೇಕಿತ್ತು ಅಂತ ಗೊತ್ತಾಗುತ್ತದೆ.

ದೀಪಾವಳಿ ಕಳೆದರೆ ಅಡಿಕೆ ಕೊಯ್ಲು. ಊರಿನ ಆಳುಗಳೆಲ್ಲ ತೋಟದಲ್ಲಿ. ಆಮೇಲೆ ಮಾರಿಜಾತ್ರೆ ವರ್ಷವಾದರೆ ಇನ್ನೊಂದು ವಾರ ಹೋಯಿತು. ಕೆಲಸದ ವೇಳಾಪಟ್ಟಿ ಹಾಕುವ ಪ್ರಿಮಾವೆರಾ ಅನ್ನೋ ಸಾಫ್ಟ್‌ವೇರ್ ಎಷ್ಟೇ ದುಬಾರಿ ಇರಲಿ, ಅದಕ್ಕೆ ಮಾರಿಜಾತ್ರೆ ಗೊತ್ತಿಲ್ಲ. ನೀವೇ ಅದರ ಕ್ಯಾಲೆಂಡರಿಗೆ ತುಂಬಬೇಕು.

ದೊಡ್ಡ ಕೆಲಸದಲ್ಲಿ ಇದೇ ಪಾಠ ನೋಡಬೇಕಾದರೆ ಸಿಗಂದೂರಿಗೆ ಹೋಗಿ. ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ ಶರಾವತಿ ಹಿನ್ನೀರಿನ ಮೇಲೆ ಹಾದ ಕೇಬಲ್ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಉದ್ದ ಸುಮಾರು 2.44 ಕಿಲೋಮೀಟರ್. ಮಳೆಗಾಲದಲ್ಲಿ ಏರಿ ಬೇಸಿಗೆಯಲ್ಲಿ ಇಳಿಯುವ ನೀರಿನ ನಡುವೆ ಕಂಬ ಎಬ್ಬಿಸಲು ಯಾವ ಕೆಲಸ ಯಾವ ತಿಂಗಳಿಗೆ ಇಡಬೇಕು? ಸೇತುವೆ ಮೇಲೆ ನಿಂತು ಸೆಲ್ಫಿ ತೆಗೆದ ಮೇಲೆ ಐದು ನಿಮಿಷ ಇದನ್ನೂ ಯೋಚಿಸಿ.

ಓದುತ್ತಿರುವಾಗ ಮಾಡಬೇಕಾದ್ದು

ಕಂಪ್ಯೂಟರಿನಲ್ಲಿ ನಕ್ಷೆ ಎಳೆಯುವ ಆಟೋಕ್ಯಾಡ್ ಕಲಿಯಿರಿ. ಆಮೇಲೆ ರೆವಿಟ್ ಕಲಿಯಿರಿ. ಅದರಲ್ಲಿ ಗೋಡೆ ಬರೀ ಗೆರೆಯಲ್ಲ, ದಪ್ಪ, ಸಾಮಾನು ಎಲ್ಲ ಇರುವ ಗೋಡೆ. ಎಕ್ಸೆಲ್ ಮಾತ್ರ ಬಿಡಲೇಬೇಡಿ. ನಮ್ಮೂರಿನ ಸೈಟ್‌ಗಳು ಇವತ್ತಿಗೂ ಎಕ್ಸೆಲ್ ಮೇಲೇ ನಿಂತಿವೆ.

ಕೆಲವು ಲೆಕ್ಕ ಬಾಯಲ್ಲೇ ಬರಬೇಕು. ಕಂಬಿಯ ದಪ್ಪವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆ.ಜಿ.ಯಲ್ಲಿ ಸಿಗುತ್ತದೆ. 12 ಎಂಎಂ ಕಂಬಿ ಮೀಟರಿಗೆ 0.89 ಕೆ.ಜಿ., 12 ಮೀಟರಿನ ಒಂದು ಉದ್ದಕ್ಕೆ ಹತ್ತೂವರೆ ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ. ಲಾರಿ ಬಂದಾಗ ಬಿಲ್ಲಿನ ತೂಕಕ್ಕೂ ಎಣಿಸಿದ ಕಂಬಿಗೂ ತಾಳೆ ನೋಡಲು ಇಷ್ಟು ಸಾಕು. ಕಾಂಕ್ರೀಟಿನ ಗಟ್ಟಿತನ ಪರೀಕ್ಷಿಸಲು, ಅದನ್ನು ಹಾಕಿದ ದಿನವೇ 150 ಎಂಎಂ ಕ್ಯೂಬ್ ಅಚ್ಚಿನಲ್ಲಿ ತುಂಬಿಡಿ. 7ನೇ ದಿನ, 28ನೇ ದಿನ ಒಡೆದು ನೋಡುವಾಗ ನೀವೂ ಲ್ಯಾಬಿನಲ್ಲಿ ಇರಿ.

ರಜೆಯಲ್ಲಿ ಒಂದು ಹಳೇ ಮನೆ ಅಳೆಯಿರಿ. ಅಜ್ಜನ ಮನೆಯೇ ಆಗಬಹುದು. ತೊಲೆ, ಪಕಾಸು, ರೀಪು, ಹೆಂಚು ಒಂದರ ಮೇಲೊಂದು ಹೇಗೆ ಕೂತಿದೆ ಅಂತ ಮಾಡನ್ನು ಕತ್ತರಿಸಿದರೆ ಕಾಣುವ ಚಿತ್ರ ಬಿಡಿಸಿ. ಗೋಡೆಯಿಂದ ಸೂರು ಎಷ್ಟು ಹೊರಗೆ ಚಾಚಿದೆ ಬರೆದುಕೊಳ್ಳಿ. ಹೊಸ ಮನೆಯಲ್ಲಿ ಕಿಟಕಿ ಮೇಲಿನ ಸಜ್ಜಾ ಎಷ್ಟು ಚಾಚಿದೆ ಅನ್ನುವುದನ್ನು ಅದರ ಪಕ್ಕ ಬರೆಯಿರಿ. ಗೋಡೆಗೆ ಪಾಚಿ ಏಕೆ ಹಿಡಿಯಿತು ಅಂತ ಯಾರೂ ಹೇಳಿಕೊಡಬೇಕಿಲ್ಲ. ಶಿವಮೊಗ್ಗದವರಾದರೆ ಶಿವಪ್ಪನಾಯಕನ ಅರಮನೆಯ ಮರದ ಕಂಬಗಳನ್ನು ಒಂದು ಭಾನುವಾರ ನೋಡಿ ಬನ್ನಿ.

ಕಾಗದ ಪತ್ರ

ಇದು ಬೇಜಾರಿನ ಭಾಗ, ಆದರೆ ಸೀಟು ತಪ್ಪುವುದು ಇಲ್ಲೇ. ಹಳ್ಳಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಒಂದರಿಂದ ಹತ್ತು ಓದಿದ್ದರೆ ಸಿಇಟಿಯಲ್ಲಿ ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲಾತಿ ಕೇಳಬಹುದು. ಅದಕ್ಕೆ ವ್ಯಾಸಂಗ ಪ್ರಮಾಣಪತ್ರ, ಅದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು. ಎರಡು ಮೂರು ಶಾಲೆ ಬದಲಿಸಿದವರು ಈಗಲೇ ಓಡಾಡಿ. ಅಪ್ಪ ಅಮ್ಮ ಗಾರೆ ಕೆಲಸ, ಸೆಂಟ್ರಿಂಗ್ ಕೆಲಸ ಮಾಡುವವರಾಗಿ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಇದ್ದರೆ ಮಕ್ಕಳ ಓದಿಗೆ ಸಹಾಯಧನಕ್ಕೆ ಅರ್ಜಿ ಹಾಕಬಹುದು. ಕಾರ್ಡ್ ನವೀಕರಿಸದೆ ಪೆಟ್ಟಿಗೆಯಲ್ಲಿ ಇಟ್ಟವರನ್ನು ತುಂಬ ನೋಡಿದ್ದೇನೆ.

ಸೈಟಿನ ಮೊದಲ ದಿನ

ಇಂಟರ್ನ್‌ಶಿಪ್ಪಿಗೆ ಹೋಗುವ ದಿನ ಬೆಳಿಗ್ಗೆ ಎಂಟಕ್ಕೆ, ಕೆಲಸದವರಿಗಿಂತ ಮೊದಲೇ ಇರಿ. ಚಪ್ಪಲಿ ಬೇಡ, ಮೊಳೆ ಚುಚ್ಚುತ್ತೆ, ಶೂ ಹಾಕಿ. ಹೆಲ್ಮೆಟ್ ಕೇಳಿ ಪಡೆಯಿರಿ. ಜೇಬಲ್ಲಿ ಸಣ್ಣ ಪುಸ್ತಕ, ಪೆನ್ಸಿಲ್ ಇರಲಿ. ಮಳೆಗೆ ಪೆನ್ನಿನ ಶಾಯಿ ಹರಡುತ್ತೆ. ಎಷ್ಟು ಜನ ಬಂದರು, ಎಷ್ಟು ಚೀಲ ಸಿಮೆಂಟ್ ಒಡೆದರು, ಎಷ್ಟು ಗೋಡೆ ಎದ್ದಿತು ಅಂತ ಸಂಜೆ ಮೂರು ಸಾಲು ಬರೆಯಿರಿ. ಒಂದು ತಿಂಗಳು ಬರೆದರೆ ಒಬ್ಬ ಮೇಸ್ತ್ರಿ ದಿನಕ್ಕೆ ಎಷ್ಟು ಕಟ್ಟುತ್ತಾನೆ ಅನ್ನುವುದು ನಿಮ್ಮದೇ ಲೆಕ್ಕದಲ್ಲಿ ಸಿಗುತ್ತೆ. ಮೊದಲ ವಾರ ಯಾರಿಗೂ ಸಲಹೆ ಕೊಡಬೇಡಿ. ರಸಮಟ್ಟ ಹಿಡಿಯೋಕೆ, ತೂಗುಗುಂಡು ಬಿಡೋಕೆ ಹೇಳಿಸಿಕೊಳ್ಳಿ.

ಐದು ಮೀಟರಿನ ಟೇಪ್ ಒಂದು ಸ್ವಂತದ್ದು ಇರಲಿ. ಮೇಸ್ತ್ರಿ ಕೇಳಿದರೆ ಖಂಡಿತ ಕೊಡಿ. ಸಂಜೆ ವಾಪಸ್ ಇಸ್ಕೊಳ್ಳೋದು ಮಾತ್ರ ಮರೀಬೇಡಿ, ನಾನು ಈವರೆಗೆ ಕಳೆದುಕೊಂಡಿದ್ದು ಹನ್ನೊಂದು.